ಅಜ್ಜಿಯ ಬುಧವಾರ

ಅಮ್ಮ ಎರಡು ಕಡ್ಡಿಗಳ ನಡುವೆ ನೂಡಲ್ಸನ್ನು ಹಿಡಿದೆತ್ತಿ, ಒಂದು ಹನಿ ಸೂಪೂ ಮೈಮೇಲೆ ಚೆಲ್ಲದಂತೆ ಬಾಯಿಗಿಟ್ಟುಕೊಂಡಳು. ಎದುರಿಗಿದ್ದ ಮಗ, ಕನ್ನಡಕದಂಗಡಿಯವನು, ತನ್ನ ಬಟ್ಟಲು ಮರೆತು ನೋಡುತ್ತ ಕೂತ. ಈಗಷ್ಟೇ ಅವನು, "ಹಾಗಲ್ಲಮ್ಮ, ಪೆನ್ನು ಹಿಡಿದ ಹಾಗೆ ಹಿಡ್ಕೋ" ಎಂದು ಅವಳಿಗೆ ಪಾಠ ಹೇಳಿ ಮುಗಿಸಿದ್ದ. ಅವನ ಕಡ್ಡಿಗಳಿಂದಲೇ ನೂಡಲ್ಸ್ ಜಾರಿ ಜಾರಿ ಮತ್ತೆ ಬಟ್ಟಲಿಗೆ ಬೀಳುತ್ತಿತ್ತು.

"ಇದನ್ನ ಯಾವಾಗ ಕಲಿತೆ ನೀನು?"

"ಅದೇನು ಮಹಾ ವಿದ್ಯೆ! ನಿನ್ನ ನೋಡೇ ಕಲಿತೆ" ಎಂದಳು ಅಮ್ಮ, ತಲೆಯೆತ್ತದೆ.

ಹೋಟೆಲಿನ ಬಾಗಿಲಲ್ಲೇ ಅವಳು ಕೊಸರಾಡಿದ್ದಳು. "ಇಲ್ಲಿ ಬೇಡ ಕಣೋ, ಬೇರೆ ಎಲ್ಲಾದ್ರೂ ಹೋಗೋಣ" ಎಂದಿದ್ದಳು. ಗುರುತಿಲ್ಲದ ಊಟಕ್ಕೆ ಹೆದರುತ್ತಾಳೆ ಪಾಪ, ಎಂದುಕೊಂಡು ಅವನೇ ಕೈಹಿಡಿದು ಒಳಗೆ ಕರೆತಂದಿದ್ದ. ಭಾನುವಾರದ ಮಧ್ಯಾಹ್ನ, ಇದ್ದ ಎಂಟು ಮೇಜುಗಳೂ ಭರ್ತಿ. ಅಡುಗೆಮನೆಯ ಕಿಂಡಿಯಿಂದ ಹಬೆ ನುಗ್ಗಿ ಬರುತ್ತಿತ್ತು. ಆ ಹಬೆಯ ಹಿಂದಿನಿಂದಲೇ ಹೋಟೆಲಿನ ಒಡತಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಅಯ್ಯೋ ಅಜ್ಜಿ! ಬುಧವಾರ ಬಿಟ್ಟು ಭಾನುವಾರ ಬಂದುಬಿಟ್ಟಿದ್ದೀರಲ್ಲ! ಪುಟ್ಟಿ ಎಲ್ಲಿ?"

ಅಮ್ಮ ಕಣ್ಣಲ್ಲೇ ಬೇಡ ಬೇಡವೆಂದಳು. ಒಡತಿಗೆ ಅದು ಕಾಣಲಿಲ್ಲ. "ಹೋದ ವಾರ ಅವಳು ಬರೆದ ಚಿತ್ರ ಅಂಟಿಸಿದ್ದೀನಿ, ನೋಡಿ" ಎಂದು ಗೋಡೆಯ ಕಡೆ ಕೈ ತೋರಿಸಿ, ಪಕ್ಕದ ಮೇಜಿನವರು ಕರೆದರೆಂದು ಅತ್ತ ಹೋದಳು.

ಗೋಡೆಯ ಮೇಲೆ ಒಂದು ದೊಡ್ಡ ಬಟ್ಟಲು, ಅದರ ಸುತ್ತ ಮೂರು ಜನ. ಒಬ್ಬೊಬ್ಬರ ತಲೆಯ ಮೇಲೂ ಬರೆದಿತ್ತು: ನಾನು, ಅಮ್ಮ, ಅಜ್ಜಿ. ಕೆಳಗೆ ಸೊಟ್ಟ ಅಕ್ಷರಗಳಲ್ಲಿ ಒಂದು ಹೆಸರು. ಮಗಳಿಗೆ ಆ ಹೆಸರನ್ನು ಹುಡುಕಿ ಇಟ್ಟವನು ಅವನೇ. ಐದು ವರ್ಷಗಳ ಹಿಂದೆ, ಹೆಂಡತಿ ಎರಡು ವರ್ಷದ ಮಗುವನ್ನೆತ್ತಿಕೊಂಡು ಮನೆ ಬಿಟ್ಟಾಗ, ಅವಳೂ ಬೇಡ ಮಗುವೂ ಬೇಡ ಎಂದು ವಕೀಲರ ಮುಂದೆ ಸಹಿ ಹಾಕಿ ಬಂದು, ಈ ಹೆಸರು ಇನ್ನು ಮನೆಯೊಳಗೆ ಕೇಳಕೂಡದು ಎಂದು ಗುಡುಗಿದವನೂ ಅವನೇ. ಅಮ್ಮ ಅಂದಿನಿಂದ ಒಮ್ಮೆಯೂ ಆ ಹೆಸರೆತ್ತಿರಲಿಲ್ಲ. ಬುಧವಾರ ಬುಧವಾರ ಮಾತ್ರ ಮಂಡಿನೋವಿಗೆ ವ್ಯಾಯಾಮ ಎಂದು ಹೊರಗೆ ಹೋಗುತ್ತಿದ್ದಳು.

ಅವನು ಗೋಡೆಯಿಂದ ಅಮ್ಮನ ಕಡೆ ತಿರುಗಿದ. "ಎಷ್ಟು ದಿನದಿಂದ?"

"ಮೂರು ವರ್ಷ ಆಯ್ತು."

"ನನ್ನ ಬೆನ್ನ ಹಿಂದೆ!"

"ಬೆನ್ನು ತಿರುಗಿಸಿದೋನು ನೀನು ಕಣೋ. ನಾನು ಇದ್ದ ಕಡೆನೇ ಇದ್ದೆ."

ಅವನು ಮೇಜು ಗುದ್ದಿದ. ಸೂಪು ತುಳುಕಿತು. ಪಕ್ಕದವರು ತಿರುಗಿ ನೋಡಿದರು. ಒಡತಿ ಬಟ್ಟೆ ಹಿಡಿದು ಓಡಿಬಂದು ಮೇಜು ಒರೆಸುತ್ತ, ಏನೂ ತಿಳಿಯದೆ ಅವನಿಗೇ ಬುದ್ಧಿ ಹೇಳಿದಳು.

"ಯಾಕೆ ಸಾರ್, ವಯಸ್ಸಾದವರ ಮೇಲೆ ರೇಗ್ತೀರಾ? ಮೊದಲೇ ಇದ್ದೊಬ್ಬ ಮಗನ್ನ ಕಳ್ಕೊಂಡು ನೊಂದಿದ್ದಾರೆ. ಆ ಮಗೂಗೋ, ಅಪ್ಪನ ಮುಖವೇ ನೆನಪಿಲ್ಲ."

ಬಟ್ಟೆ ಹಿಂಡುತ್ತ ಅವಳು ಒಳಗೆ ಹೋದಳು. ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಜನರನ್ನು, ಈಗ ಸರಿಯಾಗಿ ಕಾಣ್ತಿದೆಯಾ ಎಂದು ಕೇಳುವವನು ಎದುರಿಗಿದ್ದ ಹೆತ್ತ ತಾಯಿಯನ್ನು ಕಣ್ಣು ಕಿರಿದು ಮಾಡಿ ನೋಡಿದ.

"ನಾನು ಸತ್ತೆ ಅಂದ್ಯಾ?" ಅವನ ದನಿ ಅವನಿಗೇ ಕೇಳಿಸಲಿಲ್ಲ. "ಬದುಕಿರೋ ಮಗನ್ನ?"

ಅಮ್ಮ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟಳು.

"ಆ ಮಗು ಇಲ್ಲೇ ಕೂತು ಕೇಳ್ತು, ಅಜ್ಜಿ, ನಮ್ಮಪ್ಪ ಯಾಕೆ ಬರಲ್ಲ ಅಂತ. ಅವರಮ್ಮ ತಲೆ ತಗ್ಗಿಸಿದಳು. ಮಗು ನನ್ನ ಮುಖಾನೇ ನೋಡ್ತಿತ್ತು. ನಿನ್ನ ಬೇಡ ಅಂದ ಕಣೇ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅಪ್ಪ ಇಲ್ಲ ಅಂದುಬಿಟ್ಟೆ."

ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನೆತ್ತಿ ನಿಲ್ಲಿಸಬೇಕೆನ್ನುವುದೂ ತೋಚದೆ ಬಾಗಿಲಿನ ತನಕ ಹೋದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹಿಂದಿನಿಂದ ಒಡತಿ ಕೂಗಿದಳು:

"ಸಾರ್, ಒಂದು ನಿಮಿಷ. ಭಾನುವಾರ ಅಜ್ಜಿ ಬಂದಿದ್ರು ಅಂದ್ರೆ, ಜೊತೆಗೆ ಯಾರು ಬಂದಿದ್ರು ಅಂತ ಪುಟ್ಟಿ ಕೇಳೇ ಕೇಳ್ತಾಳೆ. ಏನಂತ ಹೇಳಲಿ?"

ಅವನು ತಿರುಗಿ ಅಮ್ಮನನ್ನು ನೋಡಿದ. ಅವಳೂ ಅವನ ಉತ್ತರಕ್ಕೇ ಕಾಯುತ್ತಿದ್ದಳು.