ಡಾಕ್ಟರಮ್ಮನ ಚೀಟಿ

ಸೊಸೆಯ ಕೈಕಾಲಿನ ಚರ್ಮ ಒಣಗಿ ಹುರುಪೆ ಹುರುಪೆಯಾಗಿ ಉದುರತೊಡಗಿದಾಗಿನಿಂದ ಗುರುಸಿದ್ದವ್ವನ ಬಾಯಿಗೆ ಬಿಡುವೇ ಇರಲಿಲ್ಲ.

“ಹಾವಿನಂಗ ಪೊರಿ ಬಿಡಾಕತ್ತಾಳ. ತವರಾಗಿನ ರೋಗಾ ಮುಚ್ಚಿಟ್ಟು ನಮ್ಮ ಕೊಳ್ಳಾಗ ಕಟ್ಟ್ಯಾರ!” ಎಂದು ಓಣಿಗೆಲ್ಲ ಸಾರಿದಳು.

ಸೊಸೆಯನ್ನು ತವರಿಗೆ ಅಟ್ಟಬೇಕೆಂದರೆ ಹಿರಿಯರು ಒಪ್ಪಬೇಕಿತ್ತು, ಅವರಿಗೆ ಆಧಾರ ಬೇಕಿತ್ತು. ಗುರುಸಿದ್ದವ್ವ ತಾನೇ ಸೊಸೆಯನ್ನು ಪೇಟೆಯ ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು. ಡಾಕ್ಟರಮ್ಮ ಅತ್ತೆಯನ್ನು ಹೊರಗೆ ಕೂರಿಸಿ ಸೊಸೆಯೊಡನೆ ಬಹಳ ಹೊತ್ತು ಮಾತಾಡಿದರು.

“ಒಳಗ ದೊಡ್ಡ ರೋಗ ಐತಿ, ಹೌದಲ್ರಿ?” ಗುರುಸಿದ್ದವ್ವ ಬಾಗಿಲಲ್ಲೇ ಕೇಳಿದಳು.

“ಹೌದವ್ವ, ಬ್ಯಾನಿ ಒಳಗೈತಿ. ಇಕಿನ್ನ ತವರಿಗೆ ಕಳಿಸೂದೇ ಚಲೋ.”

“ಹಂಗಂತ ಬರದು ಕೊಡ್ರಿ!”

ಓದು ಬಾರದ ಗುರುಸಿದ್ದವ್ವ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಮರುದಿನ ಬೀಗರೂ ಹಿರಿಯರೂ ಕೂಡಿದ್ದ ಪಡಸಾಲೆಯಲ್ಲಿ ಅದನ್ನು ಶಾಲೆಯ ಮಾಸ್ತರರ ಮುಂದೆ ಚಾಚಿದಳು.

“ಎಲ್ಲಾರಿಗೂ ಕೇಳೂವಂಗ ಓದ್ರಿ, ಮಾಸ್ತರ. ಆಮ್ಯಾಲ ಈ ಬೀಗರ ಮಾರಿ ನೋಡೂಣು.”

ಮಾಸ್ತರರು ಗಟ್ಟಿಯಾಗಿ ಓದಿದರು: “ಇದು ಅಂಟುವ ರೋಗವಲ್ಲ. ವರ್ಷದಿಂದ ಹೊಟ್ಟೆ ತುಂಬ ಊಟ ಸಿಗದೆ ಈಕೆಯ ಚರ್ಮ ಹೀಗಾಗಿದೆ. ಉಣ್ಣಲು ಹಾಕುವ ತವರಿಗೆ ಕೂಡಲೇ ಕಳಿಸಿ.”