ಒಂದೇ ಫೋಟೋ ಸಾಕು

“ಮುನ್ನೂರೈವತ್ತು ಡಾಲರ್,” ಎಂದು ಹೇಳಿ ಮಾರ್ಲಾ ಬಾಯಿ ಮುಚ್ಚಿಕೊಂಡಳು. ಬೆಲೆ ಹೇಳಿದ ಮೇಲೆ ತುಟಿ ಪಿಟಕ್ಕೆನ್ನಬಾರದು, ಮೊದಲು ಬಾಯಿ ಬಿಟ್ಟವರೇ ಸೋತಂತೆ ಎಂದು ಇಂಟರ್ನೆಟ್ಟಿನ ಗುರುವೊಬ್ಬ ಪಾಠ ಹೇಳಿದ್ದ. ಸೂಪರ್‌ಮಾರ್ಕೆಟ್ಟಿನಲ್ಲಿ ಇಷ್ಟು ವರ್ಷ ಮಾಂಸ ಕೊಯ್ದು ತೂಗಿದವಳಿಗೆ ಬೆಲೆ ಹೇಳುವುದೇನೂ ಹೊಸದಲ್ಲ. ಆದರೆ ಅಲ್ಲಿಯ ಬೆಲೆ ಅಂಗಡಿಯದು, ಇದು ತನ್ನದು.

ಎದುರಿಗೆ, ಗ್ಯಾರೇಜಿನ ಮಡಿಸುವ ಕುರ್ಚಿಯಲ್ಲಿ ಲೊರೇಟಾ ಕೂತಿದ್ದಳು. ಅವಳ ಮಗ ವೆಂಡೆಲ್ ಹೊರಗೆ ಕಾರಿನಲ್ಲಿ ಮಲಗಿದ್ದ. ಅವನಿಗೆ ಇದು ಹೈಸ್ಕೂಲಿನ ಕೊನೆಯ ವರ್ಷ. ಕೊನೆಯ ವರ್ಷದ ಮಕ್ಕಳ ಫೋಟೋ ಎಂದರೆ ಓಹಾಯೋ ನದಿಯ ದಂಡೆಯ ಆ ಊರಿನಲ್ಲಿ ಸಣ್ಣ ಮದುವೆಯಿದ್ದಂತೆ. ಸಾಲ ಮಾಡಿಯಾದರೂ ತೆಗೆಸುತ್ತಾರೆ, ಅಜ್ಜಿಯರ ಗೋಡೆಗಳಿಗೆಲ್ಲ ಹಂಚುತ್ತಾರೆ. ಮಾರ್ಲಾಳಿಗೆ ಇದೇ ಮೊದಲ ಗಿರಾಕಿ. ಈ ಫೋಟೋ ಕಸುಬು ಕೈಹಿಡಿದರೆ ಮಾಂಸದ ಕತ್ತಿ ಕೆಳಗಿಡಬಹುದು ಎಂಬುದು ಅವಳ ಆಸೆ.

ಲೊರೇಟಾ ಸುಮ್ಮನೆ ಕೂತೇ ಇದ್ದಳು. ಕೊನೆಗೆ ಮಾರ್ಲಾಳಿಗೇ ತಡೆಯಲಾಗಲಿಲ್ಲ. ಗುರುವಿನ ಪಾಠ ಗಾಳಿಗೆ ಹೋಯಿತು.

“ಅಷ್ಟಕ್ಕೆ ಮೂರು ಜಾಗದಲ್ಲಿ ತೆಗೀತೀನಿ ಕಣೇ. ನದಿ ಹತ್ರ ಒಂದಷ್ಟು, ಫುಟ್‌ಬಾಲ್ ಮೈದಾನದಲ್ಲಿ ಒಂದಷ್ಟು. ಶಾಲೆ ಜಾಕೆಟ್ ಹಾಕ್ಕೊಂಡು ನಿಂತ್ರೆ…”

“ಜಾಕೆಟ್ ಇಲ್ಲ. ಮಾರ್ಕೊಂಡ.”

“ಅಯ್ಯೋ, ಯಾಕೆ?”

“ಈ ಊರಲ್ಲಿ ಹುಡುಗ್ರು ಜಾಕೆಟ್ ಯಾಕೆ ಮಾರ್ತಾರೆ, ನಿಂಗೊತ್ತಿಲ್ವಾ?” ಲೊರೇಟಾ ಕುರ್ಚಿ ಮುಂದಕ್ಕೆಳೆದುಕೊಂಡಳು. “ನದಿ ಬೇಡ, ಮೈದಾನ ಬೇಡ. ಒಂದೇ ಫೋಟೋ ಸಾಕು. ಮುಖ ನೆಟ್ಟಗಿರ್ಲಿ. ಹಿಂದೆ ಏನೂ ಇರೋದು ಬೇಡ. ಪೇಪರ್‌ನೋರು ಹೇಗೆ ಕತ್ತರಿಸಿದ್ರೂ ಕೆಡಬಾರ್ದು.”

“ಪೇಪರ್‌ಗಾ? ಏನು, ಹುಡುಗನಿಗೆ ಬಹುಮಾನ ಬಂತಾ?”

ಲೊರೇಟಾ ಅವಳನ್ನೇ ನೋಡಿದಳು. “ಡಸ್ಟಿನ್ ಹೋದಾಗ ಪೇಪರ್‌ನಲ್ಲಿ ಯಾವ ಫೋಟೋ ಬಂತು, ನೋಡಿದ್ಯಲ್ಲ?”

ಯಾರು ನೋಡಿರಲಿಲ್ಲ? ಲೊರೇಟಾಳ ಹಿರಿಯ ಮಗ ಡಸ್ಟಿನ್ ಕಳೆದ ಚಳಿಗಾಲದಲ್ಲಿ, ಪೆಟ್ರೋಲ್ ಬಂಕಿನ ಕಕ್ಕಸಿನಲ್ಲಿ ತೋಳಿಗೆ ಡ್ರಗ್ಸ್ ಸೂಜಿ ಚುಚ್ಚಿಕೊಂಡವನು ಹಾಗೆಯೇ ಸತ್ತಿದ್ದ. ಪೇಪರಿನವರು ಹಾಕಿದ್ದು ಹಿಂದೊಮ್ಮೆ ಪೊಲೀಸರು ಹಿಡಿದಾಗ ಜೈಲಿನಲ್ಲಿ ತೆಗೆದ ಫೋಟೋ: ಒಡೆದ ತುಟಿ, ಕೆಂಪು ಕಣ್ಣು. ಪೇಪರಿನ ಫೇಸ್‌ಬುಕ್ ಪುಟದಲ್ಲಿ ಅದರ ಕೆಳಗೆ ಊರವರು ಬಾಯಿಗೆ ಬಂದಂತೆ ಬರೆದರು. ಪೀಡೆ ತೊಲಗಿತು ಎಂದವರಲ್ಲಿ, ಚರ್ಚಿನಲ್ಲಿ ಅವನಿಗೆ ಭಾನುವಾರದ ಪಾಠ ಹೇಳಿಕೊಟ್ಟವರೂ ಇದ್ದರು.

“ನಾನು ಆಸ್ಪತ್ರೇಲಿ ಅವನ ಗುರುತು ಹಿಡಿದು ಮನೆಗೆ ಬರೋಷ್ಟರಲ್ಲಿ ಹಾಕ್ಬಿಟ್ಟಿದ್ರು. ಅವನ ಕೊನೇ ವರ್ಷ ನಂಗೆ ಕೆಲ್ಸ ಹೋಗಿತ್ತು, ಫೋಟೋ ತೆಗೆಸ್ಲಿಲ್ಲ. ಒಂದು ಒಳ್ಳೇದಿದ್ದಿದ್ರೆ ನಾನೇ ಮುಂಚೆ ಕಳಿಸ್ತಿದ್ದೆ.” ಲೊರೇಟಾ ಪರ್ಸ್ ತೆರೆದಳು. “ಈ ಸಲ ನನ್ನ ಕೈಲಿ ರೆಡಿ ಇರ್ಬೇಕು. ನಗ್ತಾ ಇರೋದು ತೆಗಿ. ನಗೋ ಹುಡುಗನ್ನ ಬೈಯೋಕೆ ಜನಕ್ಕೂ ಸ್ವಲ್ಪ ಕಷ್ಟ ಆಗುತ್ತೆ.”

“ಥೂ, ಬಿಡ್ತು ಅನ್ನು! ಇವನಿನ್ನೂ ಚಿಕ್ಕೋನು. ಸರಿಹೋಗ್ತಾನೆ.”

“ಎರಡು ಸಲ ಚಟ ಬಿಡಿಸೋ ಜಾಗಕ್ಕೆ ಸೇರಿಸ್ದೆ. ಎರಡು ಸಲಾನೂ ಓಡ್ಬಂದ. ಬೆಳಿಗ್ಗೆ ಎದ್ದು ಕಾಫಿಗಿಡೋಕೆ ಮುಂಚೆ ಅವನ ರೂಮ್ ಬಾಗಿಲಿಗೆ ಕಿವಿಯಿಟ್ಟು ಉಸಿರು ಕೇಳ್ತೀನಿ ಕಣೇ. ಕೇಳಿದ್ರೆ ಆಮೇಲೆ ಒಲೆ ಹತ್ತಿಸ್ತೀನಿ.”

ಮಾರ್ಲಾ ಎದ್ದು ನಿಂತಳು. “ದುಡ್ಡೇನೂ ಬೇಡ. ಸುಮ್ನೆ ತೆಗೆದ್ಕೊಡ್ತೀನಿ.”

“ಪುಕ್ಕಟೆ ಅಂದ್ರೆ ಈಗ್ಲೇ ಎದ್ದು ಹೋಗ್ತೀನಿ. ಡಸ್ಟಿನ್‌ನ ಹೂಳೋ ಪೆಟ್ಟಿಗೆಗೂ ಊರೋರ ಹತ್ರ ಚಂದಾ ಎತ್ತಿಸ್ಕೊಂಡಿದ್ದಾಯ್ತು. ಇದೊಂದನ್ನ ನಾನು ಕೊಂಡ್ಕೋತೀನಿ.” ನೋಟುಗಳನ್ನು ಮಾರ್ಲಾಳ ಕೈಗೆ ತುರುಕಿದಳು. ಇಂಥ ಬೋಣಿ ಶತ್ರುವಿಗೂ ಬೇಡ.

ವೆಂಡೆಲ್ ಕಣ್ಣುಜ್ಜಿಕೊಳ್ಳುತ್ತ ಒಳಗೆ ಬಂದ. ಬೆವರು ಕಿತ್ತು ಬರುವ ಆಗಸ್ಟಿನ ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ್ದು. ಬೂದುಬಣ್ಣದ ಬಟ್ಟೆಯ ಮುಂದೆ ಕೂತವನ ತಲೆಗೂದಲನ್ನು ಲೊರೇಟಾ ಎಂಜಲು ಹಚ್ಚಿದ ಬೆರಳಿನಿಂದ ನೇವರಿಸಿದಳು.

“ಅಮ್ಮಾ, ನಾನೇನು ಎಳೇ ಮಗುನಾ?” ಎಂದ, ಆದರೂ ತಲೆ ತಗ್ಗಿಸಿ ಕೊಟ್ಟ. ಮತ್ತೆ ಮಾರ್ಲಾಳ ಕಡೆ ತಿರುಗಿ, “ಮೇಡಂ, ನನ್ನ ಮುಖ ನೋಡಿ ಕ್ಯಾಮೆರಾ ಒಡೆದ್ರೆ ನಮ್ಮಮ್ಮನ ಜವಾಬ್ದಾರಿ ಅಲ್ಲ,” ಎಂದು ನಕ್ಕ.

ಎಷ್ಟು ಚೆಂದದ ನಗು! ಮಾರ್ಲಾಳಿಗೆ ಅಳು ಬಂತು. ಕಣ್ಣು ಕ್ಯಾಮೆರಾದ ಹಿಂದೆ ಇದ್ದದ್ದರಿಂದ ಮಾನ ಉಳಿಯಿತು. ಒಂದು ಸಾಕೆಂದಿದ್ದರೂ ಕೈ ನಿಲ್ಲಿಸದೆ ತೆಗೆಯುತ್ತಲೇ ಹೋದಳು.

ಅವರ ಹಳೆಯ ಕಾರು ಹೇಳಿದ ಕೂಡಲೇ ಸ್ಟಾರ್ಟ್ ಆಗುವಂಥದ್ದಲ್ಲ. ಲೊರೇಟಾ ಮುಂದಾಗಿ ಹೊರಗೆ ಹೋದಳು. ಮಾರ್ಲಾ ದೀಪ ಆರಿಸುತ್ತ, ಗಿರಾಕಿಗೆ ಹೇಳಬೇಕಾದ್ದನ್ನು ಹೇಳಿದಳು. “ಎರಡು ವಾರದಲ್ಲಿ ಕೊಡ್ತೀನಪ್ಪ. ಶಾಲೆಯ ವಾರ್ಷಿಕ ಸಂಚಿಕೆಗೆ ಕಳಿಸೋಕೆ ಬೇಕಾದಷ್ಟು ಟೈಮಿದೆ.”

“ಇದು ಶಾಲೆಗಲ್ಲ ಅಂತ ನಂಗೊತ್ತು, ಮೇಡಂ,” ಎಂದ ವೆಂಡೆಲ್. ಒಮ್ಮೆ ಅಮ್ಮ ಹೋದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಸ್ವಲ್ಪ ಬೇಗ ಆಗಲ್ವಾ?”