ಖಾಲಿ ಜಾಗ

ಗುತ್ತಿಗೆ ನಕ್ಷೆಯ ಮೇಲೆ ಅಕ್ಕ ಊರಿದ್ದ ಬೆರಳನ್ನು ಸರ್ವೆಯರ್ ತಮ್ಮ ಸರಿಸಲು ನೋಡಿದ. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ.

"ನನ್ನ ಕುರಿ ಮೇಯೋ ಸರ್ಕಾರಿ ಹುಲ್ಲುಗಾವಲು ಇದೇ ತಾನೇ? ಏನಂತ ಬರೆದಿದ್ದೀಯೋ?"

"ಖಾಲಿ ಅಂತ."

"ನಿನ್ನ ತಲೆ ಖಾಲಿ! ನಲವತ್ತು ಕುರಿ ಕಣ್ಣಿಗೆ ಬೀಳಲಿಲ್ವಾ?"

"ನಮೂನೆಯಲ್ಲಿ ಎರಡೇ ಕಲಂ ಅಕ್ಕ. ಕಟ್ಟಡ, ಇಲ್ಲಾಂದ್ರೆ ಖಾಲಿ. ಕುರಿ ಕಟ್ಟಡ ಅಲ್ವಲ್ಲ." ಜಾಗ ಮೂವತ್ತು ವರ್ಷಕ್ಕೆ ಎಣ್ಣೆ ಕಂಪನಿಯ ಪಾಲಾಗಿತ್ತು; ಸೋಮವಾರ ಸುತ್ತ ಬೇಲಿ ಏಳಲಿತ್ತು. ತಿದ್ದುವ ಅಧಿಕಾರ ಅವನ ಪೆನ್ಸಿಲಿಗಿರಲಿಲ್ಲ.

ಕಂಪನಿಯವರ ಕೈಕಾಲು ಹಿಡಿದು ತಂದಿದ್ದ ಪಾಸನ್ನು ಅವನು ಮುಂದೆ ಚಾಚಿದ. "ಇದನ್ನ ತೋರಿಸು, ಗೇಟಿನವನು ಒಳಗೆ ಬಿಡ್ತಾನೆ. ನಿನ್ನೊಬ್ಬಳನ್ನ."

"ಕುರಿಗಳನ್ನ?"

ಅವನು ಪಾಸನ್ನು ಅವಳ ಕೈಗೆ ತುರುಕಲು ನೋಡಿದ.

"ನಾನು ಹುಲ್ಲು ತಿನ್ನಲ್ಲ ಕಣೋ," ಎಂದಳು ಅಕ್ಕ. "ಬೇಡ."